ಪ್ರಕಾರದ ಪ್ರಕಾರ

ಮೀಡಿಯಾ ಪಾಠ ಹೇಳುವ ಮೇಷ್ಟ್ರ ಹತ್ತಿರ ಒಂದೇ ಒಂದು ಜೋಕು ಇತ್ತು. ಪ್ರತಿ ವರ್ಷ ಮೊದಲ ದಿನ ಬೋರ್ಡಿನ ಮೇಲೆ ದೊಡ್ಡದಾಗಿ ‘ಪ್ರಕಾರ’ ಎಂದು ಬರೆದು, “ಇದಕ್ಕೆ ಎರಡು ಅರ್ಥ. ಒಂದು, ಬಗೆ. ಇನ್ನೊಂದು, ಅನುಸಾರ. ಈ ವರ್ಷ ನೀವು ಏನೇ ಮಾಡಿದ್ರೂ ಪ್ರಕಾರದ ಪ್ರಕಾರ ಮಾಡ್ಬೇಕು” ಎನ್ನುತ್ತಿದ್ದರು. ಹೇಳಿ, ತಾವೇ ಮೊದಲು ನಗುತ್ತಿದ್ದರು. ಹುಡುಗರು ಅವರಿಗೆ ಕ್ಲೋಸಪ್ ಮೇಷ್ಟ್ರು ಎಂದು ಹೆಸರಿಟ್ಟಿದ್ದರು. ಯಾರು ಏನು ಚಿತ್ರಿಸಿಕೊಂಡು ಬಂದು ತೋರಿಸಿದರೂ ಅವರದು ಅದೇ ಮಾತು: “ಎಲ್ಲಾ ಸರಿ, ಕ್ಲೋಸಪ್ ಎಲ್ಲಿ?”

ಆ ವರ್ಷ ಮೊದಲ ಬೆಂಚಿನಲ್ಲಿ ಕೂತು ಈ ಜೋಕನ್ನೂ ಬಿಡದೆ ನೋಟ್ಸಿನಲ್ಲಿ ಬರೆದುಕೊಂಡವಳು ಒಬ್ಬಳೇ. ಮನೆಯಲ್ಲಿ ಅವಳಿಗೆ ಡೈರೆಕ್ಟ್ರಮ್ಮ ಎಂದು ಹೆಸರು. ಹೆಸರಿಟ್ಟವಳು ದೊಡ್ಡಮ್ಮ. ಮೀಡಿಯಾ ಕೋರ್ಸಿಗೆ ಸೇರಿದ ದಿನ, “ಓಹೋ, ಇನ್ಮೇಲೆ ಡೈರೆಕ್ಟ್ರಮ್ಮ ಕೂತ್ಕೋ ಅಂದ್ರೆ ಕೂತ್ಕೋಬೇಕು, ನಿಂತ್ಕೋ ಅಂದ್ರೆ ನಿಂತ್ಕೋಬೇಕು” ಎಂದು ಕೈಕಟ್ಟಿ ನಿಂತು ರೇಗಿಸಿದ್ದಳು. ಹುಡುಗಿಯ ತಾಯಿ ತೀರಿಕೊಂಡಾಗ ಅವಳಿಗೆ ನಾಲ್ಕು ವರ್ಷ. ಅಲ್ಲಿಂದ ಇಲ್ಲಿಯವರೆಗೆ ತಲೆ ಬಾಚಿದ್ದು, ಜ್ವರ ಬಂದಾಗ ಪಕ್ಕದಲ್ಲಿ ಕೂತದ್ದು, ಇವಳ ತಪ್ಪಿಗೆ ಶಾಲೆಯಲ್ಲಿ ಬೈಸಿಕೊಂಡು ಬಂದದ್ದು ಎಲ್ಲವೂ ದೊಡ್ಡಮ್ಮನೇ. ಡೈರೆಕ್ಟ್ರಮ್ಮನಿಗೆ ಇದೆಲ್ಲ ಗೊತ್ತಿಲ್ಲದೆ ಇರಲಿಲ್ಲ. ಗೊತ್ತಿದ್ದೂ ಮಾಡಿದಳು ಎನ್ನುವುದೇ ಈಗಲೂ ಅವಳನ್ನು ಸುಡುವ ಸಂಗತಿ.

ವರ್ಷದ ದೊಡ್ಡ ಕೆಲಸವೆಂದರೆ ಮೂರು ನಿಮಿಷದ ಒಂದು ಮ್ಯೂಸಿಕ್ ವಿಡಿಯೊ. ಅದಕ್ಕೆ ಅರವತ್ತು ಅಂಕ. ಜೊತೆಗೆ, ಅದು ಯಾವ ಪ್ರಕಾರದ ಹಾಡು, ಆ ಪ್ರಕಾರದ ಯಾವ ನಿಯಮಗಳನ್ನು ಪಾಲಿಸಿದ್ದೀರಿ, ಯಾವ ಸಿದ್ಧಾಂತ ಬಳಸಿದ್ದೀರಿ ಎಂದು ವಿವರಿಸುವ ಒಂದು ಪ್ರಬಂಧ. ಅದಕ್ಕೆ ನಲವತ್ತು. ಮೇಷ್ಟ್ರು ಮೂರು ಸಿದ್ಧಾಂತ ಹೇಳಿಕೊಟ್ಟಿದ್ದರು. ಒಬ್ಬ ಪಂಡಿತನ ಪ್ರಕಾರ ಹಾಡಿನ ಮಾತಿಗೂ ಚಿತ್ರಕ್ಕೂ ನಂಟಿರುತ್ತದೆ, ಗಾಯಕಿಯ ಮುಖ ಮತ್ತೆ ಮತ್ತೆ ಹತ್ತಿರದಿಂದ ಕಾಣುತ್ತದೆ. ಇನ್ನೊಬ್ಬ ಪಂಡಿತೆಯ ಪ್ರಕಾರ ಕ್ಯಾಮೆರಾ ಹೆಣ್ಣನ್ನು ನೋಡುವುದೇ ಆಸೆಯ ಕಣ್ಣಿನಿಂದ, ನೋಡಲು ಹಿತವಾದದ್ದಕ್ಕೆ ಮಾತ್ರ ಅಲ್ಲಿ ಜಾಗ. ಮೂರನೆಯವನ ಪ್ರಕಾರ ನೋಡುಗರು ತಮಗೆ ಗೊತ್ತಿರುವುದನ್ನೇ ಮತ್ತೆ ಕೇಳುತ್ತಾರೆ, ಚೂರೇ ಚೂರು ಬೇರೆ ಮಾಡಿ ಕೊಟ್ಟರೆ ಸಾಕು. ಡೈರೆಕ್ಟ್ರಮ್ಮ ಮೂರನ್ನೂ ಮುತ್ತಿನಂಥ ಅಕ್ಷರದಲ್ಲಿ ಬರೆದುಕೊಂಡಳು. ಮೇಲೆ ತಲೆಬರಹ ಹಾಕಿದಳು: ‘ಮಾಡಬೇಕಾದ್ದು’.

ಉಳಿದವರೆಲ್ಲ ಹಾಡು ಎಲ್ಲಿಂದ ತರುವುದು ಎಂದು ತಲೆ ಕೆರೆದುಕೊಳ್ಳುತ್ತಿದ್ದರೆ ಇವಳಿಗೆ ಆ ಚಿಂತೆಯೇ ಇರಲಿಲ್ಲ. ಹಾಡು ಮನೆಯಲ್ಲೇ ಇತ್ತು.

ದೊಡ್ಡಮ್ಮ ಲಾಂಡ್ರಿಯಲ್ಲಿ ಇಸ್ತ್ರಿ ಮಾಡುವವಳು. ಕೈಯಲ್ಲಿ ಹಿಡಿಯುವ ಇಸ್ತ್ರಿಪೆಟ್ಟಿಗೆಯಲ್ಲ, ಹಬೆಯ ಪ್ರೆಸ್ಸು: ಮೇಜಿನಷ್ಟು ದೊಡ್ಡ ಹಲಗೆ, ಮೇಲಿಂದ ಬಂದು ಮುಚ್ಚುವ ಕಬ್ಬಿಣದ ಮುಚ್ಚಳ, ಕೆಳಗೆ ಕಾಲಲ್ಲಿ ತುಳಿಯುವ ಪೆಡಲು. ತುಳಿದರೆ ಮುಚ್ಚಳ ಬಿದ್ದು ಹಬೆ ‘ಸುಸ್’ ಎನ್ನುತ್ತದೆ, ಬಿಟ್ಟರೆ ಏಳುತ್ತದೆ. ಇಪ್ಪತ್ತೆರಡು ವರ್ಷ ಅದನ್ನು ತುಳಿದೂ ತುಳಿದೂ ದೊಡ್ಡಮ್ಮ ತನಗೇ ಒಂದು ಹಾಡು ಕಟ್ಟಿಕೊಂಡಿದ್ದಳು. ಯಾರೂ ಹೇಳಿಕೊಟ್ಟದ್ದಲ್ಲ, ಎಲ್ಲೂ ಕೇಳಿದ್ದಲ್ಲ.

ಯಾರ ಅಂಗಿಯೋ ಇದು, ಯಾರ ತೋಳೋ,
ಬೆಚ್ಚಗೆ ಮಾಡಿ ಕಳಿಸಿದೆ.
ಯಾರ ಬೆನ್ನಿಗೋ ಇದು, ಯಾರ ಎದೆಗೋ,
ಮುಖ ನಾನು ಕಾಣದೆ ಉಳಿದೆ.

ಕಂಠವೆಂದರೆ ಕಂಠ. ಸ್ವಲ್ಪ ಒರಟು, ಆದರೆ ಒಳಗಿಂದ ಬರುವಂಥದ್ದು. ರಸ್ತೆಯಲ್ಲಿ ಹೋಗುವವರು ಲಾಂಡ್ರಿಯ ಬಾಗಿಲಲ್ಲಿ ಒಂದು ಗಳಿಗೆ ನಿಂತು ಕೇಳಿ ಹೋಗುತ್ತಿದ್ದರು. ಹಬೆಯ ಸದ್ದಿನಲ್ಲಿ ಹಾಡಿದರೆ ಯಾರಿಗೂ ಕೇಳಿಸುವುದಿಲ್ಲವೆಂದು ಪೆಡಲು ತುಳಿದಾಗಲೆಲ್ಲ ಹಾಡು ನಿಲ್ಲಿಸಿ ಉಸಿರು ತೆಗೆದುಕೊಳ್ಳುವುದು ಅವಳಿಗೆ ಅಭ್ಯಾಸವಾಗಿತ್ತು. ಹೀಗಾಗಿ ಉಸಿರು ಎಲ್ಲಿ ಬೀಳಬೇಕೋ ಅಲ್ಲಿ ಬೀಳುತ್ತಿರಲಿಲ್ಲ, ಪೆಡಲು ಎಲ್ಲಿ ಬಿದ್ದಿತೋ ಅಲ್ಲಿ ಬೀಳುತ್ತಿತ್ತು. ‘ತೋ’ ಎಂದು ನಿಲ್ಲಿಸಿ, ಎದೆ ತುಂಬ ಗಾಳಿ ಎಳೆದುಕೊಂಡು, ಆಮೇಲೆ ‘ಳೋ’ ಎನ್ನುವಳು. ಆ ಒಂದು ಕ್ಷಣ ಕೇಳುವವರ ಉಸಿರೂ ಅಲ್ಲೇ ನಿಲ್ಲುತ್ತಿತ್ತು.

“ಈ ಹಾಡನ್ನ ನನ್ನ ವಿಡಿಯೊಗೆ ಕೊಡ್ತೀಯಾ ದೊಡ್ಡಮ್ಮ?” ಎಂದು ಕೇಳಿದ ದಿನ ದೊಡ್ಡಮ್ಮ ಬಿದ್ದು ಬಿದ್ದು ನಕ್ಕಳು.

“ಇದನ್ನಾ? ಇದೇನು ಹಾಡು ಅಂತ ಕಾಲೇಜಲ್ಲಿ ಕೇಳಿದ್ರೆ ಏನು ಹೇಳ್ತೀಯ?”

“ವಿರಹ ಗೀತೆ. ಹೋದವನಿಗಾಗಿ ಕಾಯೋ ಹೆಣ್ಣಿನ ಹಾಡು. ಅದು ಒಂದು ಪ್ರಕಾರ.”

“ವಿರಹನೂ ಇಲ್ಲ, ಮಣ್ಣೂ ಇಲ್ಲ. ಅಂಗಿ ಹಾಡು ಕಣೇ ಅದು! ಅಂಗಿ ಬರುತ್ತೆ, ಹೋಗುತ್ತೆ, ಹಾಕ್ಕೊಳ್ಳೋನು ಕಪ್ಪೋ ಬಿಳುಪೋ ನಾನು ಕಾಣೆ. ಅಷ್ಟೆ.” ನಗು ನಿಂತ ಮೇಲೆ, ಬೇರೆ ಯಾವುದೋ ಮಾತು ಎತ್ತುವವಳಂತೆ ಕೇಳಿದಳು: “ಅದರಲ್ಲಿ ನಾನು ಕಾಣ್ತೀನಾ?”

“ಕಾಣ್ದೆ ಮತ್ತೆ?”

“ಹಾಡ್ತಾ ಇರೋದು ಕಾಣುತ್ತಾ? ಮುಖ?”

“ಮುಖನೇ ಜಾಸ್ತಿ. ನಮ್ಮ ಮೇಷ್ಟ್ರಿಗೆ ಕ್ಲೋಸಪ್ ಅಂದ್ರೆ ಪ್ರಾಣ.”

 ಅವತ್ತು ಬಚ್ಚಲಿನ ಕನ್ನಡಿಯ ಮುಂದೆ ದೊಡ್ಡಮ್ಮ ಎಂದಿಗಿಂತ ಹೆಚ್ಚು ಹೊತ್ತು ನಿಂತದ್ದನ್ನು ಡೈರೆಕ್ಟ್ರಮ್ಮ ನೋಡಿದಳು. ಇಪ್ಪತ್ತೆರಡು ವರ್ಷ ಹಾಡಿದವಳು ಗೋಡೆಯ ಕಡೆ ಮುಖ ಮಾಡಿ ಹಾಡಿದ್ದಳು, ಪ್ರೆಸ್ಸು ಇರುವುದೇ ಹಾಗೆ. ಹಾಡುವಾಗ ಅವಳ ಮುಖ ಹೇಗಿರುತ್ತದೆಂದು ಒಬ್ಬರೂ ಕಂಡಿರಲಿಲ್ಲ. ಕಾಣಬೇಕೆನ್ನುವ ಆಸೆ ಅವಳಿಗೂ ಒಂದು ಮೂಲೆಯಲ್ಲಿ ಇತ್ತು ಎಂದು ಯಾರಿಗೆ ಗೊತ್ತಿತ್ತು!

ಲಾಂಡ್ರಿಗೆ ರಜೆ ಇದ್ದ ದಿನ ಶೂಟಿಂಗ್ ಇಟ್ಟುಕೊಂಡರು. ಬೀಗದ ಕೈ ತಂದವನು ಚೀಟಿ ಅಜ್ಜ. ಕೌಂಟರಿನಲ್ಲಿ ಕೂತು ಬಟ್ಟೆಗೆ ಚೀಟಿ ಚುಚ್ಚುವುದು ಅವನ ಕೆಲಸ. ದೊಡ್ಡಮ್ಮ ನೀಲಿ ಉಡುಪು ತೊಟ್ಟು ಬಂದಿದ್ದಳು, ಮಡಿಕೆಗಳೆಲ್ಲ ಕತ್ತಿಯ ಅಂಚಿನ ಹಾಗೆ ನಿಂತಿದ್ದವು. “ಊರಿನವರ ಬಟ್ಟೆಯೆಲ್ಲ ಮಾಡಿದ್ದೀನಿ, ನನ್ನ ಬಟ್ಟೆಗೆ ಇವತ್ತೇ ಮುಹೂರ್ತ” ಎಂದಳು. ಚೀಟಿ ಅಜ್ಜ ಅವಳ ಸುತ್ತ ಒಂದು ಸುತ್ತು ಬಂದು, “ಯಾರಮ್ಮ ಇವರು, ಗಿರಾಕಿನಾ? ಚೀಟಿ ಚುಚ್ಚಲಾ?” ಎಂದ.

ಬೆಳಿಗ್ಗೆ ಒಂಬತ್ತರಿಂದ ಸಂಜೆ ಬೆಳಕು ಇಳಿಯುವವರೆಗೆ ಚಿತ್ರಿಸಿದರು. ದೊಡ್ಡಮ್ಮ ದಪ್ಪ ಹೆಂಗಸು. ಕೂದಲು ತೆಳ್ಳಗಾಗಿ ಬುರುಡೆಗೆ ಅಂಟಿತ್ತು. ಕತ್ತಿನ ಎಡಕ್ಕೆ ಯಾವಾಗಲೋ ಹಬೆ ಹೊಡೆದ ಗುರುತು. ಮುಂದಿನ ಹಲ್ಲೆರಡರ ನಡುವೆ ಸಂದು. ಮೊದಲು ನಾಚಿಕೊಂಡಳು, ಕ್ಯಾಮೆರಾ ಹತ್ತಿರ ಬಂದಾಗಲೆಲ್ಲ ನಕ್ಕುಬಿಡುತ್ತಿದ್ದಳು. ಮಧ್ಯಾಹ್ನದ ಮೇಲೆ ಕ್ಯಾಮೆರಾ ಮರೆತೇಹೋಯಿತು. ಕಣ್ಣು ಮುಚ್ಚಿ, ಕತ್ತಿನ ನರ ಉಬ್ಬಿಸಿ, ಬೆವರು ಗಲ್ಲದಿಂದ ಇಳಿಯುತ್ತಿದ್ದರೂ ಒರೆಸಿಕೊಳ್ಳದೆ ಹಾಡಿದಳು. ಚೀಟಿ ಅಜ್ಜ ಕೌಂಟರಿನಲ್ಲಿ ಕನ್ನಡಕ ತೆಗೆದಿಟ್ಟು ಕೂತುಬಿಟ್ಟಿದ್ದ.

ಇಷ್ಟೆಲ್ಲ ಆದದ್ದು ನಿಜ. ಆ ದಿನ ಆ ಕ್ಯಾಮೆರಾದೊಳಗೆ ಇತ್ತು. ಈಗ ಎಲ್ಲೂ ಇಲ್ಲ.

ಎರಡು ದಿನ ಬಿಟ್ಟು ಡೈರೆಕ್ಟ್ರಮ್ಮ ಕಾಲೇಜಿನ ಎಡಿಟಿಂಗ್ ಕೋಣೆಯಲ್ಲಿ ಕೂತು ಅದನ್ನೆಲ್ಲ ನೋಡಿದಳು. ಪಕ್ಕದಲ್ಲಿ ನೋಟ್ಸು ತೆರೆದಿಟ್ಟುಕೊಂಡಿದ್ದಳು, ಪರೀಕ್ಷೆಗೆ ಓದುವ ಹಾಗೆ. ಹಿಂದಿನ ವರ್ಷಗಳಲ್ಲಿ ಹೆಚ್ಚು ಅಂಕ ಬಂದ ವಿಡಿಯೊಗಳನ್ನು ಒಂದರ ಮೇಲೊಂದು ಹಾಕಿ ನೋಡಿದಳು. ಎಲ್ಲದರಲ್ಲೂ ಎಳೆಯ ಮುಖ, ಕಿಟಕಿಯ ಬೆಳಕು, ಹಾರುವ ಕೂದಲು, ಕೆಳಗೆ ಇಳಿದು ಮೆಲ್ಲಗೆ ಮೇಲೇಳುವ ಕಣ್ಣು. ಮತ್ತೆ ದೊಡ್ಡಮ್ಮನನ್ನು ಹಾಕಿದಳು. ಬೆವರು, ಹಲ್ಲಿನ ಸಂದು, ಕತ್ತಿನ ಗುರುತು. ಪಕ್ಕದ ಕಂಪ್ಯೂಟರಿನ ಹುಡುಗ ಬಗ್ಗಿ ನೋಡಿ, “ಓ, ಡಾಕ್ಯುಮೆಂಟರಿನಾ?” ಎಂದ. ಅವನ ಮನಸ್ಸಿನಲ್ಲಿ ಏನೂ ಕೆಟ್ಟದ್ದಿರಲಿಲ್ಲ, ಪಾಪ. ಆದರೆ ಅವಳ ಕಿವಿ ಬಿಸಿಯಾಯಿತು. ನಾಚಿಕೆಯಾಯಿತು ಅವಳಿಗೆ. ಹೌದು, ನಾಚಿಕೆ. ಸಿದ್ಧಾಂತ ಗಿದ್ಧಾಂತ ಎಲ್ಲ ಆಮೇಲೆ ಬಂದದ್ದು, ಮೊದಲು ಬಂದದ್ದು ಅದೇ. ತನ್ನನ್ನು ಸಾಕಿದವಳ ಮುಖ ನೋಡಿ ನಾಚಿಕೆಪಟ್ಟಳು ಹುಡುಗಿ.

ನಾಚಿಕೆಯನ್ನು ನಾಚಿಕೆ ಎಂದು ಯಾರು ಒಪ್ಪಿಕೊಳ್ಳುತ್ತಾರೆ? ಅದಕ್ಕೆ ಒಂದು ದೊಡ್ಡ ಹೆಸರು ಬೇಕು, ಮತ್ತು ಅಂಥ ಹೆಸರು ಅವಳ ನೋಟ್ಸಿನಲ್ಲಿ ಸಿದ್ಧವಾಗಿತ್ತು.

ನಾಟಕ ವಿಭಾಗದಲ್ಲಿ ಒಬ್ಬಳು ಗೆಳತಿ ಇದ್ದಳು. ಕಣ್ಣು ದೊಡ್ಡವು, ರೆಪ್ಪೆ ಉದ್ದ. ಎಲ್ಲರೂ ಗೊಂಬೆ ಎನ್ನುತ್ತಿದ್ದರು. ಹಾಡಲು ಬಾರದು, ಆದರೆ ತುಟಿ ಆಡಿಸಲು ಹಾಡು ಯಾಕೆ ಬರಬೇಕು? ಡೈರೆಕ್ಟ್ರಮ್ಮ ಕೇಳಿದ್ದೇ ತಡ, ಒಪ್ಪಿಕೊಂಡಳು. ಕಾಲೇಜು ಒಬ್ಬೊಬ್ಬರಿಗೆ ಒಂದೊಂದೇ ಮೆಮೊರಿ ಕಾರ್ಡು ಕೊಟ್ಟಿತ್ತು. ಹೊಸದಾಗಿ ಚಿತ್ರಿಸಬೇಕೆಂದರೆ ಹಳೆಯದನ್ನು ಅಳಿಸಬೇಕು. ಧ್ವನಿಯನ್ನಷ್ಟೇ ಕಂಪ್ಯೂಟರಿಗೆ ಇಳಿಸಿಕೊಂಡು, ಧ್ವನಿ ಇದೆಯಲ್ಲ ಸಾಕು ಎಂದುಕೊಂಡು, ಕಾರ್ಡನ್ನು ಅಳಿಸಿದಳು. ‘ಖಚಿತವೇ?’ ಎಂದು ಕ್ಯಾಮೆರಾ ಒಂದು ಸಲ ಕೇಳಿತು. ಯಂತ್ರಕ್ಕಾದರೂ ಅಷ್ಟು ಕೇಳಬೇಕು ಅನ್ನಿಸಿತ್ತು. ಇವಳು ಹೌದು ಎಂದು ಒತ್ತಿದಳು.

ಗೊಂಬೆ ಎರಡು ದಿನ ಶ್ರದ್ಧೆಯಿಂದ ತುಟಿ ಕಲಿತಳು. ತೊಂದರೆ ಬಂದದ್ದು ಉಸಿರಿನಲ್ಲಿ.

“ಇದ್ಯಾಕೆ ಹೀಗೆ? ‘ತೋ’ ಅಂದ್ಮೇಲೆ ನಿಲ್ಸಿಬಿಡ್ತಾರೆ! ಮಾತಿನ ಮಧ್ಯ ಯಾರೇ ಉಸಿರು ತೆಗೊಳ್ತಾರೆ? ನಾನು ಬಾಯಿ ಬಿಟ್ಕೊಂಡು ನಿಂತ್ರೆ ಮೀನಿನ ಹಾಗೆ ಕಾಣುತ್ತೆ.”

“ನಾನು ಸರಿಮಾಡ್ತೀನಿ ಬಿಡು.”

ಸರಿಮಾಡಿದಳು. ಧ್ವನಿಯ ಅಲೆ ಪರದೆಯ ಮೇಲೆ ಹಸಿರಾಗಿ ಹರಡಿತ್ತು. ಉಸಿರು ಬಂದಲ್ಲೆಲ್ಲ ಅಲೆ ಸಣ್ಣದಾಗುತ್ತಿತ್ತು. ಅದನ್ನು ಹಿಡಿದು, ಕತ್ತರಿಸಿ, ಈ ಕಡೆಯದನ್ನೂ ಆ ಕಡೆಯದನ್ನೂ ಕೂಡಿಸಿದಳು. ಹತ್ತೊಂಬತ್ತು ಉಸಿರು. ಕೆಲಸ ಮುಗಿದಾಗ ಹಾಡು ನುಣ್ಣಗೆ ಹರಿಯಿತು, ರೇಡಿಯೊದಲ್ಲಿ ಬರುವ ಹಾಗೆ. ಬುದ್ಧಿವಂತೆ, ಒಪ್ಪಿಕೊಳ್ಳಬೇಕು. ಜೋಡಿಸಿದ ಗುರುತು ಎಲ್ಲೂ ಇರಲಿಲ್ಲ.

ಪ್ರಬಂಧವನ್ನೂ ಅದೇ ವಾರ ಬರೆದಳು. ಮೂರನೆಯ ಪುಟದಲ್ಲಿ ಈ ವಾಕ್ಯ ಇತ್ತು: ‘ಧ್ವನಿಯ ಒಡತಿಯ ದೇಹ ಈ ಪ್ರಕಾರದ ನಿರೀಕ್ಷೆಗಳನ್ನು ಪೂರೈಸುವುದಿಲ್ಲವಾದ ಕಾರಣ, ನೋಡುಗರ ನೋಟಕ್ಕೆ ಒಗ್ಗುವ ಮುಖವನ್ನು ಆಯ್ದುಕೊಳ್ಳಲಾಯಿತು.’ ‘ಆಯ್ದುಕೊಳ್ಳಲಾಯಿತು’ ಅಂತೆ. ಯಾರು ಆಯ್ದುಕೊಂಡದ್ದು ಎಂದು ಹೇಳದೆ ತಪ್ಪಿಸಿಕೊಳ್ಳಲು ನಮ್ಮ ಭಾಷೆಯಲ್ಲಿ ಎಂಥ ಅನುಕೂಲ ಇದೆ ನೋಡಿ.

ದೊಡ್ಡಮ್ಮನಿಗೆ ಹೇಳಬೇಕಿತ್ತು. ನಾಳೆ ಹೇಳುತ್ತೇನೆ, ಊಟವಾದ ಮೇಲೆ ಹೇಳುತ್ತೇನೆ ಎಂದು ದಿನ ತಳ್ಳಿದಳು. ದೊಡ್ಡಮ್ಮನೋ, ದಿನಕ್ಕೊಂದು ಸಲ ವಿಚಾರಿಸುವಳು: “ನನ್ನ ಸಿನಿಮಾ ಯಾವತ್ತೇ?” ಇವಳು ತಟ್ಟೆಯ ಕಡೆ ನೋಡುತ್ತ, “ಇಪ್ಪತ್ತನೇ ತಾರೀಕು” ಎನ್ನುವಳು. ಅಷ್ಟರಲ್ಲೇ ಮಾತು ಮುಗಿಯುತ್ತಿತ್ತು.

ಇಪ್ಪತ್ತನೇ ತಾರೀಕು ಕಾಲೇಜಿನ ಸಭಾಂಗಣದಲ್ಲಿ ಪ್ರದರ್ಶನ. ದೊಡ್ಡಮ್ಮ ಅದೇ ನೀಲಿ ಉಡುಪಿನಲ್ಲಿ ಬಂದು ಮೂರನೆಯ ಸಾಲಿನಲ್ಲಿ ಕೂತಳು. ಪಕ್ಕದಲ್ಲಿ ಚೀಟಿ ಅಜ್ಜ, ಕೌಂಟರು ಬೇಗ ಮುಚ್ಚಿ ಬಂದಿದ್ದ. ಡೈರೆಕ್ಟ್ರಮ್ಮ ಹಿಂದೆ ಪ್ರೊಜೆಕ್ಟರಿನ ಹತ್ತಿರ ನಿಂತಿದ್ದಳು. ಅಲ್ಲಿಂದ ಅವಳಿಗೆ ಕಾಣುತ್ತಿದ್ದದ್ದು ದೊಡ್ಡಮ್ಮನ ಹಿಂತಲೆ ಮಾತ್ರ. ಕೂದಲನ್ನು ನೀಟಾಗಿ ಒತ್ತಿ ಪಿನ್ನು ಹಾಕಿಕೊಂಡಿದ್ದಳು.

ವಿಡಿಯೊ ಶುರುವಾಯಿತು. ಕಿಟಕಿ, ಬಿಳಿಯ ಪರದೆ, ಮುಖ ತಿರುಗಿಸಿದ ಗೊಂಬೆ. ಅವಳ ತುಟಿ ತೆರೆದದ್ದೇ ದೊಡ್ಡಮ್ಮನ ಧ್ವನಿ ಸಭಾಂಗಣ ತುಂಬಿತು. ದೊಡ್ಡಮ್ಮನ ತಲೆ ಒಂದಿಷ್ಟು ಮುಂದಕ್ಕೆ ಬಾಗಿತು, ಸರಿಯಾಗಿ ನೋಡುವವರ ಹಾಗೆ. ಮುಂದಿನ ಚಿತ್ರದಲ್ಲಾದರೂ ತಾನು ಬರಬಹುದು ಎಂದು ಕಾಯುತ್ತಿದ್ದಾಳೆ ಎಂದು ಡೈರೆಕ್ಟ್ರಮ್ಮನಿಗೆ ಗೊತ್ತಾಯಿತು. ಮೂರು ನಿಮಿಷವೂ ಆ ತಲೆ ಹಾಗೇ ಬಾಗಿತ್ತು. ಡೈರೆಕ್ಟ್ರಮ್ಮನಿಗೆ ನೆಲ ಬಾಯಿ ಬಿಟ್ಟರೆ ಸಾಕು ಅನ್ನಿಸಿತು. ಕೊನೆಯಲ್ಲಿ ‘ಧ್ವನಿ: ದೊಡ್ಡಮ್ಮ’ ಎಂದು ಹಾಕಿದ್ದಳು, ಇಲ್ಲವೆನ್ನಬಾರದು. ಒಂದೂವರೆ ಸೆಕೆಂಡು. ಅಷ್ಟರಲ್ಲಿ ಜನ ಎದ್ದು ನಿಂತು ಚಪ್ಪಾಳೆ ತಟ್ಟುತ್ತಿದ್ದರು.

ಗೊಂಬೆಯನ್ನು ಮುತ್ತಿಕೊಂಡರು. “ಎಂಥ ಕಂಠ ನಿಂದು! ಇಷ್ಟು ದಿನ ಹೇಳ್ಲೇ ಇಲ್ಲ!” ಗೊಂಬೆಯ ಮುಖ ಕೆಂಪಾಯಿತು. ಗುಂಪಿನ ಮೇಲಿಂದ ಡೈರೆಕ್ಟ್ರಮ್ಮನ ಕಡೆ ನೋಡಿದಳು, ಏನು ಹೇಳಲಿ ಎಂದು. ಡೈರೆಕ್ಟ್ರಮ್ಮ ತನ್ನ ಶೂ ನೋಡಿಕೊಂಡಳು. ಗೊಂಬೆ “ಥ್ಯಾಂಕ್ಸ್” ಎಂದಳು.

ದೊಡ್ಡಮ್ಮ ಎಲ್ಲರ ಜೊತೆ ಚಪ್ಪಾಳೆ ತಟ್ಟುತ್ತಿದ್ದಳು. ಹೊರಗೆ ಬಂದ ಮೇಲೆ ಅವಳೇ ಮೊದಲು ಮಾತಾಡಿದಳು.

“ಆ ಹುಡುಗಿ ತುಂಬಾ ಚೆನ್ನಾಗಿದ್ದಾಳೆ. ಕಣ್ಣು ಎಷ್ಟು ದೊಡ್ಡದು!”

“ನಾನು ನಿನ್ನ ನೋಡೋಕೆ ಬಂದಿದ್ದೆ ಕಣಮ್ಮ” ಎಂದ ಚೀಟಿ ಅಜ್ಜ.

“ದಿನಾ ನೋಡ್ತೀರಲ್ಲ, ಸಾಕಾಗಲ್ವಾ?” ಎಂದು ಅವನ ಬಾಯಿ ಮುಚ್ಚಿಸಿ, ಡೈರೆಕ್ಟ್ರಮ್ಮನ ಬೆನ್ನು ತಟ್ಟಿದಳು. “ಚೆನ್ನಾಗಿ ಮಾಡಿದ್ದೀಯ ಕಣೇ. ನಾನು ಹೀಗೆ ಹಾಡ್ತೀನಿ ಅಂತ ನನಗೇ ಗೊತ್ತಿರ್ಲಿಲ್ಲ. ಎಲ್ಲೂ ನಿಲ್ಲೋದೇ ಇಲ್ಲ.”

ಬೈದಿದ್ದರೆ, ಅತ್ತಿದ್ದರೆ, ಎರಡು ದಿನ ಮಾತು ಬಿಟ್ಟಿದ್ದರೆ ಹುಡುಗಿ ಬದುಕಿಕೊಳ್ಳುತ್ತಿದ್ದಳು. ಅದೊಂದನ್ನೂ ದೊಡ್ಡಮ್ಮ ಮಾಡಲಿಲ್ಲ.

ಹತ್ತು ದಿನದ ಮೇಲೆ ಪ್ರಬಂಧ ವಾಪಸ್ಸು ಬಂತು. ಒಟ್ಟು ನೂರಕ್ಕೆ ತೊಂಬತ್ತೊಂದು. ತರಗತಿಗೇ ಮೊದಲು. ಸಂತೋಷದಲ್ಲಿ ಅದನ್ನು ಊಟದ ಮೇಜಿನ ಮೇಲೆ ಇಟ್ಟು ಸ್ನಾನಕ್ಕೆ ಹೋದಳು. ಬಂದು ನೋಡಿದರೆ ದೊಡ್ಡಮ್ಮ ಕನ್ನಡಕ ಹಾಕಿಕೊಂಡು, ಸಾಲಿನ ಕೆಳಗೆ ಬೆರಳಿಟ್ಟು, ಮೂರನೆಯ ಪುಟ ಓದುತ್ತಿದ್ದಳು.  ಡೈರೆಕ್ಟ್ರಮ್ಮನ ಒದ್ದೆ ಕೂದಲಿಂದ ನೀರು ತೊಟ್ಟಿಕ್ಕುತ್ತಿತ್ತು.

“ಇದರಲ್ಲಿ ಎಲ್ಲಾ ಕಡೆ ಪ್ರಕಾರ ಪ್ರಕಾರ ಅಂತ ಬರೆದಿದ್ದೀಯಲ್ಲ, ಏನೇ ಅದು?”

“ಬಗೆ ಅಂತ. ಯಾವ ಬಗೆ ಹಾಡು, ಯಾವ ಬಗೆ ಸಿನಿಮಾ ಅಂತಾರಲ್ಲ, ಹಾಗೆ.”

“ಓ! ನಾನು ‘ನಿನ್ನ ಪ್ರಕಾರ, ನನ್ನ ಪ್ರಕಾರ’ ಅಂತೀವಲ್ಲ, ಅದು ಅಂದ್ಕೊಂಡೆ.” ಬೆರಳು ಒಂದು ಸಾಲು ಕೆಳಗಿಳಿಯಿತು. “‘ಧ್ವನಿಯ ಒಡತಿ’ ಅಂದ್ರೆ ನಾನು ತಾನೇ?”

“ಹೂಂ.”

“ಒಡತಿ! ಕೇಳೋಕೆ ಚೆನ್ನಾಗಿದೆ.” ತುಟಿ ಆಡಿಸುತ್ತ ಮುಂದಿನದನ್ನು ಓದಿದಳು. ಇನ್ನೊಮ್ಮೆ ಓದಿದಳು. “ನನ್ನ ದೇಹ ಪೂರೈಸೋದಿಲ್ಲ ಅಂತಿದೆ. ಇದು ಯಾರ ಪ್ರಕಾರ?”

 ಮೊದಲ ದಿನ ನೋಟ್ಸಿನಲ್ಲಿ ಬರೆದುಕೊಂಡ ಮಾತು ತಾನಾಗಿ ಡೈರೆಕ್ಟ್ರಮ್ಮನ ನಾಲಿಗೆಗೆ ಬಂತು.

“ಪ್ರಕಾರದ ಪ್ರಕಾರ.”

ಮೇಷ್ಟ್ರ ಜೋಕು ಅಷ್ಟು ಅಸಹ್ಯವಾಗಿ ಯಾವತ್ತೂ ಕೇಳಿಸಿರಲಿಲ್ಲ. ದೊಡ್ಡಮ್ಮ ಕನ್ನಡಕ ತೆಗೆದು ಮಡಿಸಿದಳು. ಅವಳ ಮುಖದಲ್ಲಿ ಏನೋ ಹಗುರಾಯಿತು.

“ಹಾಗಾದ್ರೆ ಸರಿ. ನಿನ್ನ ಪ್ರಕಾರ ಅಲ್ವಲ್ಲ.”

“ಅಲ್ಲ” ಎಂದಳು ಡೈರೆಕ್ಟ್ರಮ್ಮ. ಹಸಿ ಸುಳ್ಳು. ದೊಡ್ಡಮ್ಮ ನಂಬಿದಳು, ಅಥವಾ ನಂಬಲು ತೀರ್ಮಾನಿಸಿದಳು. ಎದ್ದು ಹೋಗಿ ಟವೆಲು ತಂದು ಹುಡುಗಿಯ ತಲೆ ಒರೆಸಿದಳು.

ಮರುದಿನ ಕ್ಲೋಸಪ್ ಮೇಷ್ಟ್ರು ತಮ್ಮ ಕೋಣೆಗೆ ಕರೆಸಿಕೊಂಡರು. ವಿಡಿಯೊವನ್ನು ಸ್ಪರ್ಧೆಗೆ ಕಳಿಸಬೇಕೆಂದಿದ್ದರು. ಬೆನ್ನು ತಟ್ಟಿದ ಮೇಲೆ, ಹೋಗುವಾಗ ಹೇಳುವ ಮಾತಿನ ಹಾಗೆ ಹೇಳಿದರು:

“ಒಂದೇ ಒಂದು ವಿಷಯ ಕಣಮ್ಮ. ಕ್ಯಾಮೆರಾ ಆಸೆ ಕಣ್ಣಿಂದ ನೋಡುತ್ತೆ, ಹಿತವಾಗಿರೋದಕ್ಕೆ ಮಾತ್ರ ಅಲ್ಲಿ ಜಾಗ ಅಂತ ಬರೆದ ಆ ಪಂಡಿತೆ ಇದ್ದಾಳಲ್ಲ, ಅವಳು ಅದನ್ನ ಬೈದಿದ್ದು. ಹೀಗೆ ಮಾಡ್ತಾರಲ್ಲ, ಇದು ಅನ್ಯಾಯ ಅಂತ. ನೀನು ಅದನ್ನ, ಹಾಗೇ ಮಾಡ್ಬೇಕು ಅಂತ ಓದ್ಕೊಂಡುಬಿಟ್ಟಿದ್ದೀಯ.”

“ನೀವು ಅದಕ್ಕೆ ಅಂಕ ಕಳೀಲಿಲ್ವಲ್ಲ ಸರ್?”

“ಇಪ್ಪತ್ತು ಪೇಪರಲ್ಲಿ ಹದಿನೆಂಟು ಹಾಗೇ ಇರುತ್ತೆ. ಎಲ್ಲರದ್ದೂ ಕಳೆದ್ರೆ ಪಾಸಾಗೋರು ಯಾರು? ನೀನು ಬರೆದದ್ದು ಅಚ್ಚುಕಟ್ಟಾಗಿತ್ತು.” ಕನ್ನಡಕದ ಮೇಲಿಂದ ನೋಡಿದರು. “ಆ ಧ್ವನಿ ಯಾರದು?”

“ನಮ್ಮ ದೊಡ್ಡಮ್ಮಂದು. ಲಾಂಡ್ರಿಯಲ್ಲಿ ಇಸ್ತ್ರಿ ಮಾಡ್ತಾರೆ.”

“ಅಯ್ಯೋ, ಅವರನ್ನೇ ತೋರಿಸ್ಬಾರ್ದಿತ್ತಾ? ನಿಯಮ ಗೊತ್ತಿದ್ದು ಮುರಿದ್ರೆ ಇನ್ನೂ ಐದು ಅಂಕ ಇತ್ತಲ್ಲಮ್ಮ!”

ಐದು ಅಂಕ! ದೊಡ್ಡಮ್ಮನ ಮುಖಕ್ಕೆ ಐದು ಅಂಕ ಎಂದು ಮೊದಲೇ ತಿಳಿದಿದ್ದರೆ ಆ ಕಾರ್ಡನ್ನು ಎದೆಗೆ ಅವಚಿಕೊಂಡು ಕಾಯುತ್ತಿದ್ದಳು, ಈ ಹುಡುಗಿ. ಹಾಗೆ ತನಗೇ ಅನ್ನಿಸಿದ್ದು ಅವಳಿಗೆ ಎಲ್ಲಕ್ಕಿಂತ ಹೆಚ್ಚಾಗಿ ಚುಚ್ಚಿತು. ಕಾರಿಡಾರಿನ ಕೊನೆಯಲ್ಲಿ ನಲ್ಲಿಯ ಹತ್ತಿರ ನಿಂತು ಅತ್ತಳು. ಆಮೇಲೆ ಮುಖ ತೊಳೆದು, ಕ್ಯಾಮೆರಾ ಪಡೆದುಕೊಂಡು, ನೇರ ಲಾಂಡ್ರಿಗೆ ಹೊರಟಳು. ಮತ್ತೆ ಚಿತ್ರಿಸುತ್ತೇನೆ, ಈ ಸಲ ಅವಳನ್ನೇ, ಅವಳೊಬ್ಬಳನ್ನೇ. ಸ್ಪರ್ಧೆಗೆ ಅದೇ ಹೋಗಲಿ, ಇಲ್ಲದಿದ್ದರೆ ಯಾವುದೂ ಬೇಡ. ದಾರಿಯುದ್ದಕ್ಕೂ ಹೀಗೆ ಹೇಳಿಕೊಂಡು ಬಂದಳು, ಇನ್ನೂ ಕಾಲ ಮಿಂಚಿಲ್ಲ ಎಂದು.

ಲಾಂಡ್ರಿ ಇನ್ನೂ ನಾಲ್ಕು ಅಂಗಡಿ ಆಚೆ ಇರುವಾಗಲೇ ಹಾಡು ಕೇಳಿಸಿತು. ಯಾರ ಅಂಗಿಯೋ ಇದು, ಯಾರ ತೋಳೋ. ನುಣ್ಣಗೆ, ಎಲ್ಲೂ ನಿಲ್ಲದೆ. ಹಬೆ ‘ಸುಸ್’ ಎಂದಾಗಲೂ ಹಾಡು ನಿಲ್ಲಲಿಲ್ಲ. ಬಾಗಿಲಿಗೆ ಬಂದಾಗ ಅರ್ಥವಾಯಿತು. ಪ್ರೆಸ್ಸಿನ ಪಕ್ಕದ ಕಪಾಟಿನ ಮೇಲೆ ದೊಡ್ಡಮ್ಮನ ಫೋನು ಒರಗಿ ನಿಂತಿತ್ತು. ಅದರಲ್ಲಿ, ಪ್ರದರ್ಶನದ ರಾತ್ರಿ ಡೈರೆಕ್ಟ್ರಮ್ಮನೇ ಹಾಕಿಕೊಟ್ಟಿದ್ದ ವಿಡಿಯೊದಲ್ಲಿ, ಗೊಂಬೆ ಹಾಡುತ್ತಿದ್ದಳು. ದೊಡ್ಡಮ್ಮ ಬಾಯಿ ಮುಚ್ಚಿ ಪೆಡಲು ತುಳಿಯುತ್ತಿದ್ದಳು.

“ಆವತ್ತಿಂದ ಹೀಗೇ” ಎಂದ ಚೀಟಿ ಅಜ್ಜ, ತಗ್ಗಿದ ಧ್ವನಿಯಲ್ಲಿ. “ಹಾಡಮ್ಮ ಅಂದ್ರೆ, ಅದರಲ್ಲಿ ಸರಿಯಾಗಿ ಬರುತ್ತಲ್ಲ, ನಾನು ಹಾಡಿದ್ರೆ ಮಧ್ಯ ಮಧ್ಯ ಕೆಡುತ್ತೆ ಅಂತಾಳೆ. ನನಗೇನೋ ಮೊದಲಿನದೇ ಇಷ್ಟ. ಓದಿದವರು ನೀವು, ನಿಮಗೆ ಗೊತ್ತು.”

ಡೈರೆಕ್ಟ್ರಮ್ಮ ಒಳಗೆ ಹೋಗಿ ವಿಷಯ ಹೇಳಿದಳು. ಈ ಸಲ ನಿನ್ನ ಮುಖ ದೊಡ್ಡಮ್ಮ, ಪೂರ್ತಿ ನಿನ್ನದೇ. ದೊಡ್ಡಮ್ಮನ ಕಣ್ಣು ಅರಳಿತು. ಯಾಕೆ, ಏನು ಎಂದು ಒಂದು ಮಾತು ಕೇಳಲಿಲ್ಲ. ಹಿಂದೆ ಹೋಗಿ ಮುಖ ತೊಳೆದುಕೊಂಡು, ಕೂದಲು ಒತ್ತಿಕೊಂಡು ಬಂದು, ಎಲ್ಲಿ ನಿಲ್ಲಲಿ ಎಂದಳು. ಕಿಟಕಿಯ ಬೆಳಕಿನ ಹತ್ತಿರ ತಾನೇ ಹೋಗಿ ನಿಂತಳು.

ಕ್ಯಾಮೆರಾ ತಿರುಗಲು ಶುರುವಾಯಿತು. ದೊಡ್ಡಮ್ಮ ಕತ್ತನ್ನು ಮೆಲ್ಲಗೆ ಕಿಟಕಿಯ ಕಡೆ ತಿರುಗಿಸಿದಳು. ಎರಡು ಬೆರಳಲ್ಲಿ ಕಿವಿಯ ಹಿಂದೆ ಕೂದಲು ಸರಿಸಿದಳು, ಅಲ್ಲಿ ಸರಿಸುವಷ್ಟು ಕೂದಲೇ ಇರಲಿಲ್ಲ. ಕಣ್ಣು ಕೆಳಗಿಳಿಸಿ, ಮತ್ತೆ ಮೇಲೆತ್ತಿ, ನೇರ ಕ್ಯಾಮೆರಾದ ಕಡೆ ನೋಡಿದಳು. ಫೋನಿನಲ್ಲಿ ಹಾಡು ಬರುತ್ತಿತ್ತು, ತುಟಿ ಅದರ ಜೊತೆ ಆಡುತ್ತಿತ್ತು. ಒಂದು ಅಕ್ಷರವೂ ಹಿಂದೆ ಮುಂದೆ ಆಗಲಿಲ್ಲ. ಎಷ್ಟು ಸಲ ನೋಡಿ ಕಲಿತಿರಬೇಕು!

“ಫೋನ್ ಬೇಡ ದೊಡ್ಡಮ್ಮ.” ಡೈರೆಕ್ಟ್ರಮ್ಮ ಹೋಗಿ ಅದನ್ನು ಆರಿಸಿದಳು. “ನೀನೇ ಹಾಡು.”

ಲಾಂಡ್ರಿ ನಿಶ್ಶಬ್ದವಾಯಿತು. ದೊಡ್ಡಮ್ಮ ಮತ್ತೆ ಕತ್ತು ತಿರುಗಿಸಿದಳು, ಕೂದಲು ಸರಿಸಿದಳು. ತುಟಿ ಆಡಿತು. ಸ್ವರ ಮಾತ್ರ ಬರಲಿಲ್ಲ.

“ದೊಡ್ಡಮ್ಮ, ಹಾಡು ಅಂದ್ನಲ್ಲ.”

“ಹಾಡು ನಿನ್ನ ಹತ್ರ ಇದೆಯಲ್ಲೇ” ಎಂದಳು ದೊಡ್ಡಮ್ಮ. “ಇವತ್ತು ನಿನಗೆ ಬೇಕಾಗಿರೋದು ಮುಖ ತಾನೇ?”

ಆ ಮಾತಿನಲ್ಲಿ ಕೊಂಕು ಇದೆಯೇ ಎಂದು ಡೈರೆಕ್ಟ್ರಮ್ಮ ಹುಡುಕಿದಳು. ಒಂದು ಎಳೆಯಷ್ಟು ಇದ್ದಿದ್ದರೂ ಹೋಗಿ ಕಾಲು ಹಿಡಿದುಕೊಳ್ಳುತ್ತಿದ್ದಳು. ಇರಲಿಲ್ಲ. ಅಂಗಿಗೆ ಗಂಜಿ ಬೇಕೋ ಬೇಡವೋ ಎಂದು ಗಿರಾಕಿಯನ್ನು ಕೇಳುವಾಗ ಇರುವ ಸ್ವರವೇ ಅದು. ಈ ಕೆಲಸ ಮಾಡುವುದು ಹೀಗೆ, ಧ್ವನಿ ಒಂದು ದಿನ, ಮುಖ ಇನ್ನೊಂದು ದಿನ ಎಂದು ಅವಳು ಕಲಿತಿದ್ದಳು. ಕಲಿಸಿದವಳು ಎದುರಿಗೇ ಕ್ಯಾಮೆರಾ ಹಿಡಿದು ನಿಂತಿದ್ದಳು.

“ಸರಿಯಾಗಿ ಬರ್ತಿದೆಯಾ?” ದೊಡ್ಡಮ್ಮ ಕತ್ತು ಅಲುಗಿಸದೆ ಕೇಳಿದಳು. “ಆ ಹುಡುಗಿ ಮಾಡಿದ ಹಾಗೆ ಬರ್ತಿದೆಯಾ?”

ಕ್ಯಾಮೆರಾದ ಪುಟ್ಟ ಪರದೆಯ ತುಂಬ ದೊಡ್ಡಮ್ಮನ ಮುಖ ಇತ್ತು.

“ಬರ್ತಿದೆ ದೊಡ್ಡಮ್ಮ” ಎಂದಳು ಡೈರೆಕ್ಟ್ರಮ್ಮ.

ದೊಡ್ಡಮ್ಮನಿಗೆ ಖುಷಿಯಾಯಿತು. ಬೆನ್ನು ನೆಟ್ಟಗೆ ಮಾಡಿಕೊಂಡು, ಕಿಟಕಿಯ ಕಡೆ ತಿರುಗಿ, ಮೊದಲ ಸಾಲಿನಿಂದ ಮತ್ತೆ ತುಟಿ ಆಡಿಸಲು ಶುರುಮಾಡಿದಳು.